ಬರಲಿರುವ ಪ್ರೊಸೆಸರ್

ನಮ್ಮ ಭೀಮಶಿಯಣ್ಣ ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವ ಪೈಕಿ. ಬನಹಟ್ಟಿಯ ಚಹಾದಂಗಡಿಯಲ್ಲಿ ಉಳಿದವರು ಮಳೆ ಬಂದೀತೋ ಇಲ್ಲವೋ ಎಂದು ವಾದಿಸುತ್ತಿದ್ದರೆ, ಇವನು ಇನ್ನೂ ಅಂಗಡಿಗೇ ಬಾರದ ಕಂಪ್ಯೂಟರಿನ ಪ್ರೊಸೆಸರಿಗೆ ಎಷ್ಟು ಕೋರ್ ಎಂದು ವಾದಿಸುತ್ತಿದ್ದ. ಸೀರೆಯ ಅಂಚು, ಸೆರಗಿನ ಡಿಸೈನುಗಳನ್ನು ಕಂಪ್ಯೂಟರಿನಲ್ಲಿ ಬಿಡಿಸಿಕೊಡುವುದು ನನ್ನ ಕೆಲಸ. ನನ್ನ ಯಂತ್ರ ಮುದಿಯಾಗಿತ್ತು. ಹೊಸದು ಕೊಳ್ಳೋಣ ಎಂದಾಗಲೆಲ್ಲ ಅಣ್ಣನದು ಒಂದೇ ಮಾತು:

"ತಡಿಯಲೇ ಶೈಲಾ, ಜೋಡಿ ಕೋರಿಂದು ಬರಾಕತ್ತೈತಿ. ಈಗ ತಗೊಂಡ್ರ ಮಣ್ಣಾಗ ಹಾಕಿದಂಗ."

ಎರಡು ವರ್ಷ ತಡೆದೆವು.

2006ರ ಆ ಮಧ್ಯಾಹ್ನ ಸೀರೆ ವ್ಯಾಪಾರಿ ಜ್ಞಾನೇಶ್ವರ ಸಾವಕಾರರು ನನ್ನ ಬೆನ್ನ ಹಿಂದೆಯೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಮಾದರಿ ಡಿಸೈನು ಕೈಗೆ ಬಂದರೆ ದೀಪಾವಳಿ ಸೀರೆಗಳ ಕೆಲಸವೆಲ್ಲ ನನಗೆ. ಬರದಿದ್ದರೆ ಸಂಜೆಯ ಬಸ್ಸಿಗೆ ಅವರು ಇಚಲಕರಂಜಿಗೆ, ಅಲ್ಲಿನ ಡಿಸೈನಿನವರ ಬಳಿಗೆ. ಡಿಸೈನು ಮುಗಿದಿತ್ತು, ಸಿಡಿಗೆ ಇಳಿಸುವುದಷ್ಟೇ ಬಾಕಿ. ಆದರೆ ಯಂತ್ರ ಕಾದು ಕಾದು ತಾನೇ ಆರಿಹೋಗುತ್ತಿತ್ತು. ಸಿಪಿಯು ಡಬ್ಬಿಯ ಮುಚ್ಚಳ ಬಿಚ್ಚಿ, ಟೇಬಲ್ ಫ್ಯಾನ್ ಹಚ್ಚಿ, ಸಿಡಿಗೆ ಇಳಿಸುತ್ತ ಕೂತೆ. ಪ್ರೊಸೆಸರಿನ ಮೇಲಿನ ಪುಟ್ಟ ಪಂಖಾ ಕಿರ್ರೆನ್ನುತ್ತ ತಿರುಗುತ್ತಿತ್ತು.

"ಮುಂದ ಬರೂವು ಇಷ್ಟ್ ಕಾಯೂದಿಲ್ಲಂತ್ರೀ ಸಾವಕಾರ್ರ," ಎಂದು ಅಣ್ಣ ಶುರುಮಾಡಿದ.

"ಬಾಯಿ ಮುಚ್ಚೋ ಯಣ್ಣಾ," ಅಂದೆ.

ಅರ್ಧಕ್ಕಿಂತ ಹೆಚ್ಚು ಇಳಿದಿತ್ತು. ಆಗ ಅವ್ವ ಒಳಗಿನಿಂದ ಬಂದಳು. ನಮ್ಮದು ಬೀರಪ್ಪನ ಒಕ್ಕಲು. ಕುರಿಹಿಂಡು ಹೊರಟರೂ ಸರಿ, ಮಗ್ಗ ಕೂಡಿಸಿದರೂ ಸರಿ, ಮೇಲೆ ಅರಿಷಿಣದ ಭಂಡಾರ ಹಾರಿಸಲೇಬೇಕು. ನನ್ನ ಮುಖ ನೋಡಿ ಅವ್ವನ ಕರುಳು ಚುರ್ ಅಂದಿರಬೇಕು. ನಾನು ಬೇಡವೆನ್ನುವಷ್ಟರಲ್ಲಿ, "ನೀನ ಕಾಯಪಾ ಬೀರಪ್ಪಾ," ಎನ್ನುತ್ತ ಬೊಗಸೆ ತುಂಬ ಅರಿಷಿಣದ ಪುಡಿಯನ್ನು ತೆರೆದ ಡಬ್ಬಿಯೊಳಗೆ ಹಾರಿಸಿಯೇಬಿಟ್ಟಳು.

ಕೋಣೆಯೆಲ್ಲ ಹಳದಿಯಾಯಿತು. ಪುಟ್ಟ ಪಂಖಾ ಗರ್ರೆಂದು ನಿಂತಿತು, ಪರದೆ ಕಪ್ಪಾಯಿತು. ಮತ್ತೆ ಮತ್ತೆ ಗುಂಡಿ ಒತ್ತಿದೆ, ಏಳಲಿಲ್ಲ. ಡಿಸೈನು ಡಿಸ್ಕಿನೊಳಗೆ ಹಾಗೇ ಇತ್ತು, ಅದನ್ನು ಹೊರತೆಗೆಯಲು ಇನ್ನೊಂದು ಯಂತ್ರವಿರಲಿಲ್ಲ.

"ಇದೊಂದ್ ರಾತ್ರಿ ತಡೀರಿ ಸಾವಕಾರ್ರ," ಎಂದು ಕೈಮುಗಿದೆ.

"ನೀವು ಅಣ್ಣಾ ತಂಗಿ ಬೇಕಾದಷ್ಟ್ ತಡೀರಿ ತಂಗಿ. ದೀಪಾವಳಿ ತಡೀತೈತೇನು?" ಎಂದು ಅಂಗಿ ಜಾಡಿಸುತ್ತ ಅವರು ನಡೆದೇಬಿಟ್ಟರು.

"ಒಂದ್ ಲೆಕ್ಕಕ್ಕ ಛಲೋ ಆತು ಬಿಡ," ಎಂದ ಅಣ್ಣ. "ಹೋದ ವರ್ಷ ಹೊಸಾದ ತಗೊಂಡಿದ್ರ, ಇವತ್ತ ಅದು ಹಾಳಾಗ್ತಿತ್ತು."

ನಾನು ಹೊಡೆಯಲಿಲ್ಲ. ಅವ್ವ ಹೊಡೆದಳು. ಹೊಡೆದು, ಬಾಗಿಲಿಗೆ ಒರಗಿ ತಾನೇ ಅತ್ತಳು.

ಅಣ್ಣನ ಕೈಯಿಂದ ಗಾಡಿಯ ಕೀಲಿ ಕಸಿದುಕೊಂಡು ಜಮಖಂಡಿಗೆ ಹೋದೆ. ಕಂಪ್ಯೂಟರ್ ಅಂಗಡಿಯವನು ಬಣ್ಣದ ಹಾಳೆಗಳನ್ನು ಮುಂದೆ ಹರಡಿದ.

"ಯಾವ ಪ್ರೊಸೆಸರಿಂದು ಬೇಕ್ರೀ ಅಕ್ಕಾರ? ಮುಂದಿನ ತಿಂಗಳ ಒಂದ್ ಭಾರಿ ಬರೂದೈತ್ರಿ..."

"ಇವತ್ತ ಇದ್ದದ್ದು ಕೊಡ್ರಿ," ಅಂದೆ.