ಒಕ್ಕಣ್ಣಿನ ಹಕ್ಕಿ

ಹನ್ನೆರಡನೆಯ ಹಕ್ಕಿಗೆ ಒಂದೇ ಕಣ್ಣಿತ್ತು.

ಅಕ್ಕ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. ಬಲಗಡೆ ಗುಲಗಂಜಿ ಕೂತಿತ್ತು, ಕೆಂಪು ಮೈ, ಕಪ್ಪು ಬೊಟ್ಟು. ಎಡಗಡೆ ಇನ್ನೂ ಅಂಟು ಹಚ್ಚದ ಬರಿಯ ತೂತು. ಗ್ಯಾಸ್ ಸಿಲಿಂಡರಿನವನು ಬಾಗಿಲು ಬಡಿದಾಗ ಬಟ್ಟಲಲ್ಲಿ ಒಂದೇ ಒಂದು ಕಾಳು ಉಳಿದಿತ್ತು. ಅವನ ಚೀಟಿಗೆ ಸಹಿ ಹಾಕಿ ಬರುವಷ್ಟರಲ್ಲಿ ಬಟ್ಟಲು ಖಾಲಿಯಾಗಿತ್ತು. ಚಾಪೆಯ ಮೇಲೆ ಕಾಲು ಚಾಚಿ ಕೂತಿದ್ದ ಚೋಟಿ, ತಂಗಿಯ ಮಗಳು, ಮೂರೂವರೆ ವರ್ಷದವಳು, ಆಡಿನ ಮರಿಯಂತೆ ದವಡೆ ಆಡಿಸುತ್ತಿದ್ದಳು.

"ಬಾಯಿ ತೆಗಿ."

ಚೋಟಿ ಆ ಎಂದಳು. ಒಳಗೆ ಏನೂ ಕಾಣಲಿಲ್ಲ. ಅಕ್ಕ ನಾಲಿಗೆ ಎತ್ತಿಸಿ ನೋಡಿದಳು, ಕೆನ್ನೆಯೊಳಗೆ ಬೆರಳಾಡಿಸಿದಳು. ಎಂಜಲು, ಕಿತ್ತಳೆ ಸಿಪ್ಪೆಯ ಒಂದು ಚೂರು ಬಿಟ್ಟರೆ ಮತ್ತೇನೂ ಸಿಗಲಿಲ್ಲ.

"ಹಕ್ಕಿ ಕಣ್ಣೆಲ್ಲಿ ಪುಟ್ಟಾ?"

"ಹೋಯ್ತು."

"ಎಲ್ಲಿಗೆ ಹೋಯ್ತು?"

"ಹೊಟ್ಟೆಗೆ," ಎಂದಳು ಚೋಟಿ. ಕೆಲಸ ಮುಗಿಸಿದವಳ ಸಮಾಧಾನ ಆ ದನಿಯಲ್ಲಿತ್ತು.

ಮೂವತ್ತು ವರ್ಷ ಶಾಲೆಯಲ್ಲಿ ಕ್ರಾಫ್ಟ್ ಕಲಿಸಿದವಳು ಅಕ್ಕ. ಗುಲಗಂಜಿಯ ಡಬ್ಬಿ ತೆರೆದಾಗಲೆಲ್ಲ, "ಅಗಿದರೆ ವಿಷ, ಬಾಯಿಗಿಟ್ಟರೆ ಬೆರಳಿಗೆ ಅಡಿಕೋಲು" ಎಂದು ಪ್ರತಿ ತರಗತಿಗೂ ಹೇಳಿದವಳು. ಇಡಿಯಾಗಿ ನುಂಗಿದರೆ ಹಾಗೇ ಹೊರಗೆ ಬಂದೀತು, ಅಗಿದಿದ್ದರೆ? ಅದಕ್ಕೇ ಇವತ್ತು ಲೆಕ್ಕ ಹಾಕಿ ಇಪ್ಪತ್ತನಾಲ್ಕೇ ಕಾಳು ತೆಗೆದಿದ್ದಳು. ಡಬ್ಬಿಯನ್ನು ಬೀರುವಿನ ಮೇಲಿಟ್ಟಿದ್ದಳು. ಬಟ್ಟಲನ್ನು ತೊಡೆಯ ಮೇಲಿಂದ ಇಳಿಸಿರಲಿಲ್ಲ, ಬಾಗಿಲಿಗೆ ಹೋದ ಆ ಎರಡು ನಿಮಿಷ ಬಿಟ್ಟರೆ.

ಚಾಪೆ ಕೊಡವಿದಳು. ಗಾಳಿಮರದ ಪುಟ್ಟ ಕಾಯಿಗಳು ಉರುಳಿದವು, ನಕ್ಷತ್ರದಂತೆ ಕತ್ತರಿಸಿ ಒಣಗಿಸಿದ್ದ ಕಿತ್ತಳೆ ಸಿಪ್ಪೆಗಳು ಚದುರಿದವು. ಕುರ್ಚಿ ಸರಿಸಿದಳು. ಮಗುವಿನ ಫ್ರಾಕು ಬಿಚ್ಚಿ ಒದರಿ ಮತ್ತೆ ತೊಡಿಸಿದಳು. ಕ್ರಿಸ್‌ಮಸ್ ಮರವೆಂದು ಮರಳು ತುಂಬಿದ ಬಕೆಟ್ಟಿನಲ್ಲಿ ನಿಲ್ಲಿಸಿದ್ದ ಒಣ ಕೊಂಬೆಯ ಮೇಲೆ ಹನ್ನೊಂದು ಹಕ್ಕಿಗಳು ಕೂತಿದ್ದವು. ಬೇಸಿಗೆಯಲ್ಲಿ ತಿಂದ ಮಾವಿನ ವಾಟೆಗಳವು. ಸಂದು ಬಿಡಿಸಿ, ಒಳಗಿನ ಬೀಜ ತೆಗೆದು, ಮತ್ತೆ ಅಂಟಿಸಿ, ಮೈಮೇಲಿನ ನಾರನ್ನು ಬಾಚಿ ಗರಿ ಮಾಡಿದ್ದಳು. ಅವುಗಳ ಕಣ್ಣು ಎಣಿಸಿದಳು. ಇಪ್ಪತ್ತೆರಡು. ಕೆಳಗಿನ ಒಕ್ಕಣ್ಣಿನದು ಸೇರಿದರೆ ಇಪ್ಪತ್ತಮೂರು. ಮೂರು ಸಲ ಎಣಿಸಿದರೂ ಇಪ್ಪತ್ತಮೂರೇ.

ಫೋನು ಕಿಟಕಿಯ ಕಟ್ಟೆಯ ಮೇಲಿತ್ತು. ಅಕ್ಕ ಅದನ್ನು ನೋಡಿದಳು, ತೆಗೆದುಕೊಳ್ಳಲಿಲ್ಲ.

ತಂಗಿಗೆ ಮದುವೆಯಾಗಿ ಹನ್ನೊಂದು ವರ್ಷಕ್ಕೆ ಹುಟ್ಟಿದ ಮಗು. ಅಕ್ಕ ನಿವೃತ್ತಳಾಗಿ, ಎರಡು ಬೀದಿಯಾಚೆ ಒಬ್ಬಳೇ ಇದ್ದರೂ, ಮಗುವನ್ನು ಶಿಶುವಿಹಾರಕ್ಕೇ ಬಿಡುತ್ತಿದ್ದಳು ತಂಗಿ. "ನಾನಿದ್ದೀನಲ್ಲೇ" ಎಂದರೆ, "ಯಾಕಕ್ಕಾ ನಿಂಗೆ ತೊಂದರೆ" ಎನ್ನುತ್ತಿದ್ದಳು. ಎಷ್ಟು ಮೆತ್ತಗೆ ಅಂದರೆ, ಮರುಮಾತಿಗೆ ಜಾಗವೇ ಇರುತ್ತಿರಲಿಲ್ಲ. ಹೆರದವಳಿಗೆ ಏನು ಗೊತ್ತು ಅಂತ ತಂಗಿ ಒಂದು ದಿನವೂ ಆಡಿರಲಿಲ್ಲ. ಆದರೂ ಅಕ್ಕ ಆ ಮೆತ್ತನೆಯ ಮಾತಿನ ಅಡಿಯಲ್ಲಿ ಅದನ್ನೇ ಕೇಳಿಸಿಕೊಂಡು ಮನೆಗೆ ಬರುತ್ತಿದ್ದಳು. ಕ್ರಿಸ್‌ಮಸ್ಸಿಗೆ ಮೊದಲೇ ಶಿಶುವಿಹಾರ ಮುಚ್ಚಿದ್ದರಿಂದ ಇವತ್ತು, ಮೊದಲ ಸಲ, ತಂಗಿಯೇ ಮಗುವನ್ನು ತಂದು ಬಿಟ್ಟಿದ್ದಳು.

ಇನ್ನೂ ಸ್ವಲ್ಪ ಹುಡುಕಬಹುದಿತ್ತು. ಬಕೆಟ್ಟಿನ ಮರಳು ಜರಡಿ ಹಿಡಿಯಬಹುದಿತ್ತು. ಸಿಕ್ಕಿಬಿಟ್ಟರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಅಕ್ಕ ಹಾಗೆ ಯೋಚಿಸಿದ್ದು ಒಂದು ಉಸಿರಿನಷ್ಟು ಹೊತ್ತು. ಆಮೇಲೆ ಫೋನು ತೆಗೆದುಕೊಂಡಳು.

"ಗುಲಗಂಜಿ ನುಂಗಿದಾಳೆ ಅನ್ಸುತ್ತೆ ಕಣೇ. ಅಗಿದಳೋ ಇಲ್ವೋ ಗೊತ್ತಿಲ್ಲ."

ಆ ಕಡೆ, ತಂಗಿಯ ಅಂಗಡಿಯಲ್ಲಿ, ಗಾಜಿನ ಬಾಗಿಲೊಂದು ಧಡ್ ಎಂದಿತು, ಅಷ್ಟೆ.

ಐದೇ ನಿಮಿಷದಲ್ಲಿ ಆಟೋ ಬಂದು ನಿಂತಿತು. ಔಷಧಿ ಅಂಗಡಿಯ ಬಿಳಿ ಕೋಟಿನಲ್ಲೇ ಬಂದಿದ್ದ ತಂಗಿ ಆಟೋದೊಳಗಿಂದಲೇ ಕೈ ಚಾಚಿ ಮಗುವನ್ನು ಎಳೆದುಕೊಂಡಳು. ಬಾಯಿ ತೆರೆಸಿ, ಮೂಸಿ, ಕಣ್ಣಿನ ರೆಪ್ಪೆ ಎಳೆದು ನೋಡಿದಳು. ಚೋಟಿ ಒಕ್ಕಣ್ಣಿನ ಹಕ್ಕಿಯನ್ನು ಎದೆಗೆ ಅವುಚಿಕೊಂಡೇ ಇದ್ದಳು, ಬಿಡಿಸಹೋದರೆ ಕಿರುಚಿದಳು.

"ಇರ್ಲಿ ಬಿಡು. ಹತ್ತು," ಎಂದಳು ತಂಗಿ.

ಆಸ್ಪತ್ರೆ ಊರಿನ ಇನ್ನೊಂದು ತುದಿಯಲ್ಲಿತ್ತು.

"ಗುಲಗಂಜಿನೇ ಬೇಕಿತ್ತಾ?" ತಂಗಿ ರಸ್ತೆ ನೋಡುತ್ತಲೇ ಕೇಳಿದಳು. "ಮೆಣಸಿನಕಾಳು ಅಂಟಿಸಿದ್ರೆ ನಿನ್ನ ಹಕ್ಕಿಗೆ ಕಣ್ಣು ಕಾಣ್ತಿರ್ಲಿಲ್ವಾ?"

"ಎರಡೇ ನಿಮಿಷ ಕಣೇ, ಬಾಗಿಲಿಗೆ ಹೋಗಿ..."

"ಎಲ್ಲರೂ ಎರಡೇ ನಿಮಿಷ ಅನ್ನೋದು. ಅಂಗಡಿಗೆ ಓಡಿ ಬರೋರೆಲ್ಲ ಅದನ್ನೇ ಹೇಳ್ತಾರೆ. ಪ್ಲಾಸ್ಟಿಕ್ ಮರ ತರ್ತೀನಿ ಅಂದಿದ್ದಕ್ಕೆ ಕುಣಿದಾಡ್ಬಿಟ್ಟೆ. ಊರಿಗೆಲ್ಲ ಬುದ್ಧಿ ಹೇಳ್ತೀಯ. ಗುಲಗಂಜಿಗೆ ತನ್ನ ಕಪ್ಪು ಕಾಣಲ್ಲ ಅಂತಾರಲ್ಲ, ಹಾಗೆ."

ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಳು. ಇದಕ್ಕಿಂತ ಕೆಟ್ಟದ್ದನ್ನು ಅವಳೇ ಒಳಗೆ ಅಂದುಕೊಂಡಾಗಿತ್ತು. ಅವಳ ಕಣ್ಣು ಮಗುವಿನ ತುಟಿಯ ಮೇಲೆಯೇ ಇತ್ತು. ತುಟಿ ಬಣ್ಣಗೆಡುತ್ತಿದೆಯೇ? ಬೆವರುತ್ತಿದೆಯೇ? ಚೋಟಿ ಮಾತ್ರ ಆಟೋ ಸವಾರಿ ಸಿಕ್ಕಿದ ಖುಷಿಯಲ್ಲಿ ಕಾಲು ಕುಣಿಸುತ್ತಿದ್ದಳು.

ಆಟೋ ರಸ್ತೆಯುಬ್ಬಿನ ಮೇಲೆ ಹಾರಿ ಇಳಿಯಿತು. ಟಕ್.

ಮುಂದೆ ಇನ್ನೊಂದು ಉಬ್ಬು. ಟಕ್, ಟಕ್.

"ಶ್," ಎಂದಳು ಅಕ್ಕ.

"ನಾನ್ಯಾಕೆ ಸುಮ್ನಿರ್ಲಿ? ನನ್ನ ಮಗು..."

"ಬಾಯಿ ಮುಚ್ಚೇ ಒಂದ್ನಿಮಿಷ!"

ಐವತ್ತು ಮಕ್ಕಳ ಗದ್ದಲ ಅಡಗಿಸುತ್ತಿದ್ದ ದನಿ ಅದು. ತಂಗಿ ಸುಮ್ಮನಾದಳು. ಡ್ರೈವರು ಕೂಡ ತಾನಾಗಿಯೇ ವೇಗ ತಗ್ಗಿಸಿದ.

ಅಕ್ಕ ಮಗುವಿನ ಕೈಯಿಂದ ಹಕ್ಕಿಯನ್ನು ತೆಗೆದುಕೊಂಡು ಕಿವಿಯ ಹತ್ತಿರ ಆಡಿಸಿದಳು. ಟಕ್, ಟಕ್. ಒಳಗಿನ ಬೀಜವನ್ನು ಅವಳೇ ಕೈಯಾರೆ ಕಿತ್ತಿದ್ದಳು. ಆಡಿಸಿದರೆ ಸದ್ದು ಮಾಡಲು ಅದರಲ್ಲಿ ಏನೂ ಇರಬಾರದಾಗಿತ್ತು. ತೂತಿಗೆ ಕಿರುಬೆರಳಿಟ್ಟು ನೋಡಿದಳು. ಕೊರೆಯುವಾಗ ಕಾಯಿಸಿದ ದಬ್ಬಳ ಜಾರಿ ಅದು ಸ್ವಲ್ಪ ಹೆಚ್ಚೇ ಅಗಲವಾಗಿತ್ತು. ಪುಟ್ಟ ಹೆಬ್ಬೆರಳು ಒತ್ತಿದರೆ ಕಾಳು ಕೂರುವುದಿಲ್ಲ, ಒಳಗೇ ಹೋಗುತ್ತದೆ.

"ಬೀಗದ ಕೈ ಕೊಡು."

ತಂಗಿ ಕೋಟಿನ ಜೇಬಿನಿಂದ ಕೊಟ್ಟಳು. ಅಕ್ಕ ಅದನ್ನು ಸಂದಿಗೆ ತೂರಿಸಿ ಮೀಟಿದಳು. ವಾಟೆ ಎರಡು ಹೋಳಾಯಿತು. ಗುಲಗಂಜಿ ಅವಳ ಮಡಿಲಿಗೆ ಬಿತ್ತು.

ತಂಗಿ ಅದನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ಎತ್ತಿದಳು, ಅಂಗಡಿಯಲ್ಲಿ ಮಾತ್ರೆ ನೋಡುವಂತೆ. ಸುತ್ತ ತಿರುಗಿಸಿದಳು. ಒಂದು ಗೀರೂ ಇರಲಿಲ್ಲ.

"ಒಟ್ಟು ಎಷ್ಟು ಕಾಳಿತ್ತು?"

"ಇಪ್ಪತ್ನಾಲ್ಕೇ."

"ಸರಿಯಾಗಿ ಎಣಿಸಿದೀಯಾ?"

"ಮೂರು ಸಲ ಎಣಿಸಿದೀನಿ ಕಣೇ. ಮೂರು ಸಲ."

"ನನ್ನ ಹಕ್ಕಿ ಹೊಟ್ಟೆ ಒಡೆದ್ಬಿಟ್ರಿ!" ಚೋಟಿ ಗೊಳೋ ಎಂದಳು. "ಹೊಟ್ಟೆಗೆ ಹೋಯ್ತು ಅಂತ ಹೇಳ್ಲಿಲ್ವಾ ನಾನು? ದೊಡ್ಡಮ್ಮಂಗೆ ಹೇಳ್ದೆ!"

ಮೊದಲು ನಕ್ಕವಳು ತಂಗಿ. ಬಿಕ್ಕಳಿಕೆಯಂತೆ ಶುರುವಾದ ನಗು ನಿಲ್ಲಲೇ ಇಲ್ಲ; ನಗುತ್ತಲೇ ಹಣೆಯನ್ನು ಅಕ್ಕನ ಭುಜಕ್ಕೆ ಒತ್ತಿದಳು. ಆ ಭುಜ ಒದ್ದೆಯಾಯಿತು. ಅಕ್ಕನಿಗೆ ನಗು ಬರಲಿಲ್ಲ. ಉಸಿರು ಮಾತ್ರ, ಎಲ್ಲೋ ಕಟ್ಟಿಹಾಕಿದ್ದು ಬಿಚ್ಚಿಕೊಂಡ ಹಾಗೆ, ಉದ್ದಕ್ಕೆ ಬರತೊಡಗಿತು.

"ಅಮ್ಮಾ, ಆಸ್ಪತ್ರೆಗೇ ಹೋಗ್ಲಾ, ಇಲ್ಲ ಸುಮ್ನೆ ಒಂದು ರೌಂಡ್ ಹೊಡೀಲಾ?" ಡ್ರೈವರು ಕನ್ನಡಿಯಲ್ಲಿ ಕೇಳಿದ.

"ತಿರುಗಿಸಪ್ಪ," ಎಂದಳು ತಂಗಿ.

ಔಷಧಿ ಅಂಗಡಿಯ ಎದುರು ಬದಿಯಲ್ಲಿ ಆಟೋ ನಿಂತಿತು. ಅಳುತ್ತ ಅಳುತ್ತಲೇ ನಿದ್ದೆಗೆ ಜಾರಿದ್ದ ಮಗುವನ್ನು ಅಕ್ಕ ಎರಡೂ ಕೈಯಲ್ಲಿ ತಂಗಿಯತ್ತ ಎತ್ತಿ ಹಿಡಿದಳು. ತಂಗಿ ಇಳಿದು ನಿಂತು ಕೂದಲು ಸರಿಮಾಡಿಕೊಂಡಳು, ಗುಲಗಂಜಿಯನ್ನು ಜೇಬಿಗೆ ಹಾಕಿ ಗುಂಡಿ ಹಾಕಿದಳು. ಕೈ ಚಾಚಲಿಲ್ಲ.

"ಆರು ಗಂಟೆಗೆ ಬರ್ತೀನಿ. ಎದ್ದ ಕೂಡ್ಲೇ ಹಾಲು ಕೇಳ್ತಾಳೆ, ಸಕ್ಕರೆ ಕಮ್ಮಿ ಹಾಕು."

ಅಕ್ಕ ಎತ್ತಿ ಹಿಡಿದ ಕೈಗಳನ್ನು ಹಾಗೇ ಹಿಡಿದಿದ್ದಳು. "ಆ ಕಣ್ಣುಗಳನ್ನೆಲ್ಲ ಈಗ್ಲೇ ಕಿತ್ತು ಹಾಕ್ತೀನಿ," ಎಂದಳು.

"ಹೂಂ, ಕೀಳು. ನಾಳೆನೂ ರಜಾ ಅವಳಿಗೆ."

ಮಧ್ಯಾಹ್ನದ ಬಿಸಿಲಿಗೆ ಡಾಂಬರು ಕಾದಿತ್ತು. ತಂಗಿ ಒಂದು ಪಾದದ ಮೇಲೆ ಇನ್ನೊಂದನ್ನು ಇಟ್ಟುಕೊಂಡು ನಿಂತಿದ್ದುದು ಅಕ್ಕನ ಕಣ್ಣಿಗೆ ಬಿದ್ದದ್ದು ಆಗಲೇ. ಬರಿಗಾಲು. ಅಂಗಡಿಯಿಂದ ಹಾಗೇ ಓಡಿಬಂದಿದ್ದಳು.

ಅಕ್ಕ ಮಗುವನ್ನು ಮಡಿಲಿಗೆ ಒರಗಿಸಿಕೊಂಡು, ತನ್ನ ಚಪ್ಪಲಿಗಳನ್ನು ಕಾಲಿನಿಂದಲೇ ಆಟೋದ ಹೊರಕ್ಕೆ ತಳ್ಳಿದಳು.

"ಹಾಕ್ಕೋ."

"ನಿಂಗೆ?"

"ಹಾಕ್ಕೊಳ್ಳೇ ಸುಮ್ನೆ."

ಚಪ್ಪಲಿ ತಂಗಿಯ ಕಾಲಿಗೆ ಒಂದು ಬೆರಳಿನಷ್ಟು ದೊಡ್ಡದಾಯಿತು. ಬಿಳಿ ಕೋಟಿನವಳು ಅವನ್ನು ಪಟಪಟ ಎಳೆಯುತ್ತ, ಅತ್ತಿತ್ತ ನೋಡಿಕೊಂಡು, ರಸ್ತೆ ದಾಟಿದಳು.