ಅಘನಾಶಿನಿಯಲ್ಲಿ ಸಿಕ್ಕ ಹಂಜಮಾನ

ಹಂಜಮಾನ ಎಂಬ ಒಂದು ಪದದ ಹಿಂದೆ ನಾನು ಹನ್ನೊಂದು ವರ್ಷ ಅಲೆದಿದ್ದೇನೆ. ಭಟ್ಕಳ, ಹೊನ್ನಾವರದ ಕಡೆಯ ಹಳೆಯ ಶಾಸನಗಳಲ್ಲಿ ಅದು ಬರುತ್ತದೆ. ಕಡಲು ದಾಟಿ ಬಂದ ವರ್ತಕರ ಕೂಟಕ್ಕೆ ಆ ಹೆಸರು. ಪಂಚ ಎಂಬುದೇ ಹಂಜ ಆಯಿತು, ಐದು ಬಗೆಯ ಜನ ಸೇರಿದ್ದರಿಂದ ಹಾಗೆಂದರು ಎನ್ನುವವರು ಕೆಲವರು. ಫಾರಸಿಯ ಅಂಜುಮನ್, ಅಂದರೆ ಸಭೆ, ಅದರಿಂದ ಬಂತು ಎನ್ನುವವರು ಕೆಲವರು. ನಾನು ಎರಡನೆಯ ಪಕ್ಷ. ಮೊದಲನೆಯವರ ಸುದ್ದಿ ಎತ್ತಿದರೆ ನನಗೆ ಮೈ ಉರಿಯುತ್ತದೆ.

೧೯೬೨ರಲ್ಲಿ ಪತ್ರಿಕೆಯೊಂದರ ಸಂಪಾದಕರು ನನ್ನ ಲೇಖನವನ್ನು ವಾಪಸು ಕಳಿಸಿದರು. ‘ಇದು ಸತ್ತ ಪದ. ಯಾರ ಬಾಯಲ್ಲಾದರೂ ಇನ್ನೂ ಉಳಿದಿದ್ದರೆ ತಿಳಿಸಿ, ಅಚ್ಚು ಹಾಕೋಣ’ ಎಂದು ಬರೆದಿದ್ದರು. ಹೆಂಡತಿ ಮಕ್ಕಳಿಲ್ಲದ ನನಗೆ ಇದ್ದದ್ದು ಆ ಲೇಖನವೊಂದೇ. ಎರಡು ದಿನ ಊಟ ಸೇರಲಿಲ್ಲ.

ನನ್ನ ಮನೆ ಅಘನಾಶಿನಿ ಎಂಬ ಊರಿನಲ್ಲಿ, ಮಾಸ್ತರಿಕೆ ಹೊಳೆಯಾಚೆಯ ತದಡಿಯಲ್ಲಿ; ಹನ್ನೊಂದು ವರ್ಷದಿಂದ ದಿನಾ ಅದೇ ದೋಣಿ. ಮೂರನೆಯ ದಿನ ದೋಣಿ ಹತ್ತಿದಾಗ ದಟ್ಟ ಮಂಜು. ನೀರು ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ತಿಳಿಯುತ್ತಿರಲಿಲ್ಲ. ಮರಳದಿಬ್ಬದ ಮೇಲೆ ಬೆಳ್ಳಕ್ಕಿಗಳು ಒಂದೊಂದಾಗಿ ಬಂದು ಇಳಿಯುತ್ತಿದ್ದವು.

ಎದುರಿಗೆ, ದಿನಾ ನನ್ನ ಜೊತೆಗೇ ದಾಟುವ, ಹೊಳೆಯ ಕೆಸರಿನಲ್ಲಿ ಬಳಚಿನ ಚಿಪ್ಪು ಹೆಕ್ಕುವ ಹೆಂಗಸು ಕೂತಿದ್ದಳು. ಅವಳು ಬುಟ್ಟಿ ಸರಿಸಿಕೊಂಡು ಪಕ್ಕದವಳಿಗೆ ಹೇಳಿದಳು: “ಅಗಾ, ಹಕ್ಕಿದೆಲ್ಲ ಹಂಜಮಾನ ಆತು.”

ಆ ಪದ ಕಿವಿಗೆ ಬಿದ್ದದ್ದೇ ತಡ, ನನ್ನ ಕಣ್ಣ ಮುಂದೆ ಮಂಜಿನೊಳಗಿಂದ ಹಾಯಿಗಳು ಎದ್ದವು. ಮೆಣಸಿನ ಚೀಲ, ಒದ್ದೆ ಕುದುರೆಗಳು, ಉದ್ದ ನಿಲುವಂಗಿಯ ವರ್ತಕರು ನೀರಿನ ಮೇಲೆ ನಡೆದುಬಂದು ನನ್ನ ಸುತ್ತ ಕೂತರು. ಪದ ಸತ್ತಿರಲಿಲ್ಲ! ನನಗೆ ಅಳು ಬಂತು.

“ಆ ಮಾತು ನಿಂಗೆ ಎಲ್ಲಿಂದ ಬಂತು? ಅಜ್ಜಿ ಹೇಳ್ತಿದ್ಲಾ?”

“ಅಜ್ಜಿ ಎಂತಕ್ಕೆ? ನೀವೇ ಅಲ್ದಾ ಮಾಸ್ತರ್ರೆ! ದಿನಾ ದೋಣಿಲಿ ಒಬ್ರೇ ಕೂತ್ಕಂಡು ಹೇಳ್ತಿರ್ತ್ರಿ.”

ಹಾಯಿಗಳೆಲ್ಲ ಕರಗಿದವು. ಸಂಪಾದಕರಿಗೆ ಬರೆಯುವುದಕ್ಕೆ ಇನ್ನೇನೂ ಉಳಿಯಲಿಲ್ಲ.

“ಅದ್ರ ಅರ್ಥ ಎಂತ ಅಂದ್ಕಂಡೆ?” ಎಂದು ಸುಮ್ಮನೆ ಕೇಳಿದೆ.

“ನಂಗೆಂತ ಗೊತ್ತು? ಅದ್ನ ಹೇಳುವಾಗ ಮಾತ್ರ ನಿಮ್ ಮೊಕ ಮನೆಗೆ ಹತ್ತು ಜನ ನೆಂಟ್ರು ಬಂದಂಗೆ ಇರ್ತದೆ. ಕೂಡಿ ಇರೂದಕ್ಕೆ ಹೇಳೂದು ಅಂದ್ಕಂಡೆ. ಈಗ ನಮ್ಮ ಕೇರಿಲಿ ಎಲ್ಲಾ ಹಂಗೇ ಹೇಳ್ತ್ರು.”

ದೋಣಿ ತದಡಿ ಮುಟ್ಟಿತು. ಅವಳು ಬುಟ್ಟಿ ತಲೆಗೇರಿಸಿಕೊಂಡು ಇಳಿಯುವಾಗ ಹಿಂದಿನಿಂದ ಕೂಗಿದೆ: “ನಿನ್ನ ಹೆಸ್ರೆಂತ?”

“ಕಮಲಿ,” ಎಂದು ನಕ್ಕಳು. “ಹನ್ನೊಂದು ವರ್ಷದ ಮೇಲೆ ಕೇಳಿದ್ರಲ್ಲ, ಸಾಕು.”