ಬಿರುಕಿನ ಮೇಲಿನ ಗಾಜು

ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲಿಟ್ಟುಕೊಂಡೇ ಅವಳು ಅಜ್ಜಿಯ ಕೋಣೆಗೆ ನುಗ್ಗಿದಳು. ಕಿಟಕಿಯ ಮೂಲೆಯಿಂದ ಸೂರಿನವರೆಗೆ ಓರೆಯಾಗಿ ಹತ್ತಿದ್ದ ಬಿರುಕಿಗೆ ಅಡ್ಡಲಾಗಿ ಅಂಟಿಸಿದ್ದ ಬೆರಳಗಲದ ಗಾಜಿನ ಪಟ್ಟಿ ಇಡಿಯಾಗಿಯೇ ಇತ್ತು. ಉಸಿರು ಬಿಟ್ಟು, ನೋಟ್‌ಬುಕ್ಕಿನಲ್ಲಿ 'ಇಪ್ಪತ್ತಾರನೆಯ ದಿನ, ಸರಿಯಿದೆ' ಎಂದು ಬರೆದಳು.

"ಬೆಳಗಾದ್ರೆ ಗೋಡೆ ಮುಖ ನೋಡ್ತೀಯಲ್ಲ, ಒಂದಿನ ಆದ್ರೂ ನನ್ನ ಮುಖ ನೋಡೇ," ಎಂದಳು ಅಜ್ಜಿ, ಅದೇ ಗೋಡೆಗೆ ತಾಗಿದ್ದ ಮಂಚದ ಮೇಲಿಂದ.

ಸಿವಿಲ್ ಎಂಜಿನಿಯರಿಂಗಿನ ಕೊನೆಯ ವರ್ಷ. ಪ್ರಾಜೆಕ್ಟನ್ನು ಒಬ್ಬೊಬ್ಬರೇ ಮಾಡಬೇಕು. ಗೆಳತಿಯರೆಲ್ಲ ಸೇತುವೆ, ಅಣೆಕಟ್ಟು ಎಂದು ದೊಡ್ಡದಕ್ಕೇ ಕೈಹಾಕಿದ್ದರೆ ಇವಳು ಮನೆಗೋಡೆಗಳ ಬಿರುಕು ಹಿಡಿದು ಕೂತಿದ್ದಳು. ಊರಲ್ಲಿ ಹನ್ನೊಂದು ಮನೆ, ಹನ್ನೆರಡನೆಯದು ತನ್ನದೇ. ನಲವತ್ತು ದಿನ ಗಾಜು ಒಡೆಯದಿದ್ದರೆ ಬಿರುಕು ಹಳೆಯದು, ಮೆತ್ತಿ ಬಣ್ಣ ಬಳಿದು ಮರೆಯಬಹುದು. ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ ಎಂದರ್ಥ, ಆ ಕೋಣೆಯಲ್ಲಿ ಮಲಗುವುದು ಕ್ಷೇಮವಲ್ಲ.

ಆದರೆ ಆ ಗೋಡೆ ಕಟ್ಟಿದವನು ಅಪ್ಪ. ಮೂವತ್ತು ವರ್ಷದಿಂದ ಗಾರೆ ಮೇಸ್ತ್ರಿ. ಕಂಡವರ ಮನೆ ಕಟ್ಟಿ ಕಟ್ಟಿ, ರಜೆಯ ದಿನಗಳಲ್ಲಿ ಒಂದೊಂದೇ ಇಟ್ಟಿಗೆಯಿಟ್ಟು ಎಬ್ಬಿಸಿದ ಮನೆ ಇದು. ಗಾಜು ಒಡೆದರೆ ಅವನ ಕೆಲಸಕ್ಕೆ ಮಗಳೇ ಸೊನ್ನೆ ಕೊಟ್ಟ ಹಾಗೆ. ಅವಳು ಪಟ್ಟಿ ಅಂಟಿಸಿದ ದಿನ ಮುಖ ಊದಿಸಿಕೊಂಡು ಕೂತಿದ್ದವನು, ಎರಡೂ ತುದಿಗೆ ಮೆತ್ತಿದ ಸಿಮೆಂಟು ನೋಡಿ ತಡೆಯಲಾಗದೆ ಬಾಯಿಬಿಟ್ಟಿದ್ದ.

"ಏನಮ್ಮಾ ಇದು, ಗಾಯಕ್ಕೆ ಮುಲಾಮು ಮೆತ್ತಿದ ಹಾಗೆ! ನಾಲ್ಕು ವರ್ಷ ಇದನ್ನೇನಾ ಕಲಿಸಿದ್ದು?"

"ಅಂದ ಯಾರಿಗೆ ಬೇಕಪ್ಪಾ, ಅಂಟಿಕೊಂಡ್ರೆ ಸಾಕು."

"ಕೆಲಸ ಅಂದ್ಮೇಲೆ ಕೆಲಸ," ಎಂದು ಗೊಣಗಿ ಎದ್ದುಹೋಗಿದ್ದ.

ಅಂದಿನಿಂದ ಅವಳಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಊಟದ ನಡುವೆ ಎದ್ದು ಹೋಗುವಳು, ಬೀದಿಯಲ್ಲಿ ಲಾರಿ ಹಾದರೆ ಓಡುವಳು. ಉಳಿದ ಹನ್ನೊಂದು ಮನೆಗಳ ಗಾಜು ಜಪ್ಪಯ್ಯ ಎಂದರೂ ಅಲುಗಿರಲಿಲ್ಲ. "ಒಂದಾದ್ರೂ ಒಡೀಬೇಕಲ್ಲಮ್ಮಾ, ಇಲ್ಲದಿದ್ರೆ ಬರೆಯೋದಾದ್ರೂ ಏನನ್ನ?" ಎಂದು ಕಾಲೇಜಿನ ಪ್ರಾಜೆಕ್ಟ್ ಗೈಡು ಕಿಚಾಯಿಸಿದ್ದರು. ಹನ್ನೆರಡನೆಯದಾದರೂ ಒಡೆಯಬಾರದೇ ಎಂದು ಒಂದು ಗಳಿಗೆ ಅನ್ನಿಸಿ, ಅವಳಿಗೆ ತನ್ನ ಮೇಲೆ ತನಗೇ ಹೇಸಿಗೆಯಾಗಿತ್ತು.

ಮಣ್ಣಿನ ಪರೀಕ್ಷೆಗೆಂದು ಎರಡು ದಿನ ಕಾಲೇಜಿನಲ್ಲೇ ಉಳಿದು, ಮೂವತ್ತನೆಯ ದಿನ ಸಂಜೆ ಮನೆಗೆ ಬಂದಳು. ಚಪ್ಪಲಿ ಬಿಡುವ ಮೊದಲೇ ಅಪ್ಪ ತಾನಾಗಿ ಹೇಳಿದ: "ನಿನ್ನ ಗಾಜು ಗಟ್ಟಿಮುಟ್ಟಾಗಿದೆ. ಬೇಕಾದ್ರೆ ಹೋಗಿ ನೋಡು. ಕೂದಲೆಳೆಯಷ್ಟೂ ಅಲುಗಿಲ್ಲ."

ಗಾಜು ಇಡಿಯಾಗಿತ್ತು ನಿಜ. ಅವಳು ಬರೆದಿದ್ದಂತೆಯೇ ಮೇಲೆ ಅಂಟಿಸಿದ ದಿನದ ತಾರೀಖೂ ಇತ್ತು. ಅವಳು ತುದಿಗಳ ಮೇಲೆ ಬೆರಳಾಡಿಸಿದಳು. ಸಿಮೆಂಟು ನುಣ್ಣಗಿತ್ತು, ಅಂಚು ಗೆರೆ ಎಳೆದಂತೆ ನೇರವಾಗಿತ್ತು. ತಾನು ಒತ್ತಿದ್ದ ಹೆಬ್ಬೆರಳಿನ ಗುರುತು ಎಲ್ಲೂ ಇರಲಿಲ್ಲ. ಕದ್ದು ಹೊಸ ಗಾಜು ಅಂಟಿಸುವಾಗಲೂ ಒರಟಾಗಿ ಬಿಟ್ಟು ಏಳಲು ಅಪ್ಪನ ಕೈಗೆ ಬಂದಿರಲಿಲ್ಲ. ಅವಳಿಗೆ ಸಿಟ್ಟು ನೆತ್ತಿಗೇರಿತು, ಅದರ ಬೆನ್ನಿಗೇ ಅಳು ಬಂತು.

ತಿರುಗಿದರೆ ಕೋಣೆಯಲ್ಲಿ ಮಂಚವೇ ಇಲ್ಲ. ಬಂದ ಅವಸರದಲ್ಲಿ ಗಮನಿಸಿರಲಿಲ್ಲ, ಅಜ್ಜಿ ನಡುಮನೆಯಲ್ಲಿ ಅದರ ಮೇಲೆ ಕಾಲು ಚಾಚಿ ಕೂತಿದ್ದಳು.

"ಇಲ್ಲಿ ಗಾಳಿ ಚೆನ್ನಾಗಿ ಬರುತ್ತಂತೆ ಕಣೇ. ನಿನ್ನೆ ಬೆಳಗ್ಗೆ ಎದ್ದವನೇ ನಿಮ್ಮಪ್ಪ ಎಳ್ಕೊಂಡು ಬಂದು ಹಾಕಿದ. ನನ್ನನ್ನ ಕೇಳೋರು ಯಾರು?"

ಅಪ್ಪ ಕೋಣೆಯ ಬಾಗಿಲಿಗೆ ಬಂದು ನಿಂತಿದ್ದ. "ಏನು ಬರೀತೀಯ?" ಎಂದ.

ಅವಳು ನೋಟ್‌ಬುಕ್ಕು ಬಿಡಿಸಿ 'ಇಪ್ಪತ್ತೊಂಬತ್ತನೆಯ ದಿನ, ಒಡೆದಿದೆ' ಎಂದು ಬರೆದು, ಮುಚ್ಚದೆ ಕಿಟಕಿಯ ಕಟ್ಟೆಯ ಮೇಲಿಟ್ಟಳು.

ಅಪ್ಪ ಕನ್ನಡಕ ಹಾಕಿಕೊಂಡು ಓದಿದ. ಅವಳು ಬರೆದದ್ದು ಒಂದೇ ಸಾಲಾದರೂ ಬಹಳ ಹೊತ್ತು ಓದಿದ. ಆಮೇಲೆ ಕನ್ನಡಕ ತೆಗೆದು ಜೇಬಿಗಿಟ್ಟು, ಬಿರುಕಿನ ಪಕ್ಕದಲ್ಲೇ ನಿಂತಿದ್ದ ಅಜ್ಜಿಯ ಬೀರುವಿನ ಬಳಿ ಹೋಗಿ, ಬಗ್ಗಿ ಒಂದು ತುದಿ ಹಿಡಿದ.

"ಇದೊಂದು ನನ್ನೊಬ್ಬನ ಕೈಲಿ ಆಗಲಿಲ್ಲ," ಎಂದ. "ಆ ಕಡೆ ಹಿಡಿ."